ಚೆಲುವಿನ ಬೆನ್ನು ಹತ್ತಿ

ತಿಪಟೂರಿನಿಂದ ಹೊನ್ನವಳ್ಳಿ ಕಡೆಗೆ ಬಸ್ಸು ಹೊರಳಿತೆಂದರೆ ಎರಡೂ ಮಗ್ಗುಲಿಗೆ ತೆಂಗಿನ ತೋಟ. ನಡುವೆ ಒಂದು ಕಟ್ಟೆ, ಒಂದು ರಾಗಿ ಹೊಲ, ಮತ್ತೆ ತೋಟ. ಒಂದು ಕಾಲಕ್ಕೆ ತಾಲ್ಲೂಕಿಗೇ ಹೆಸರು ಕೊಟ್ಟಿದ್ದ ಊರು ನಮ್ಮದು. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಇಲ್ಲಿಯ ಗಂಗಾಪಾಣಿ ಎಂಬ ತೆಂಗನ್ನು ಅದರ ರುಚಿಗಾಗಿ ಹೆಸರು ಹಿಡಿದು ಹೊಗಳಿದ್ದಾರೆ. ಹಾರನಹಳ್ಳಿಯ ಪಾಳೆಯಗಾರ ಸೋಮಣ್ಣ ನಾಯಕನ ಕನಸಿನಲ್ಲಿ ಹೊನ್ನಮ್ಮ ಕಾಣಿಸಿಕೊಂಡು ಊರು ಕಟ್ಟು ಎಂದಳಂತೆ. ಆ ತಾಯಿಯನ್ನು ಈಗ ಸ್ವರ್ಣಾಂಬೆ ಎಂದು ಕರೆದು ತೇರು ಎಳೆಯುತ್ತೇವೆ.

ಈ ಸೀಮೆಯಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು, ಕಾಫಿ ಕುಡಿದು, ಹೊರಗೆ ಚಪ್ಪಲಿ ಮೆಟ್ಟುವಾಗ ಹೇಳುವ ಮಾತೊಂದಿದೆ: "ಹುಡುಗಿ ಲಕ್ಷಣವಾಗವ್ಳೆ, ಬಣ್ಣ ಒಂದು ಸ್ವಲ್ಪ ಕಮ್ಮಿ." ನನ್ನ ಅಣ್ಣನ ಮಗಳು ಈ ಮಾತನ್ನು ನಡುಮನೆಯ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ನರ್ಸಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿ. ಅಳಲಿಲ್ಲ. ರಾತ್ರಿ ಹಾಸಿಗೆ ಹಾಸುವಾಗ ನನ್ನನ್ನೇ ಕೇಳಿದಳು: "ಅತ್ತೆ, ನೀವು ಅಷ್ಟು ವರ್ಷ ಹಿಸ್ಟರಿ ಪಾಠ ಮಾಡಿದೀರ. ಬೆಳ್ಳಗಿದ್ರೇನೇ ಚೆಂದ ಅಂತ ಯಾವಾಗ ಶುರುವಾಯ್ತು? ಯಾರು ಶುರು ಮಾಡಿದ್ರು?"

ಕೊಬ್ಬರಿಯ ನಾಡಿನವರಿಗೆ ಈ ಪ್ರಶ್ನೆಯ ತೂಕ ಬೇಗ ತಿಳಿಯುತ್ತದೆ. ಕಿತ್ತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷ ತುಂಬುತ್ತ ಬರುವವರೆಗೆ ಕಾಯುತ್ತೇವೆ. ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಒಳಗಿನ ಉಂಡೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿ ತೆಗೆದು, ಚೀಲ ತುಂಬಿ ತಿಪಟೂರಿನ ಎಪಿಎಂಸಿಗೆ ಒಯ್ಯುತ್ತೇವೆ. ಅಲ್ಲಿ ಕೊಳ್ಳುವವನು ಒಂದು ಉಂಡೆ ಎತ್ತಿ ಅಂಗೈಯಲ್ಲಿ ತಿರುಗಿಸುತ್ತಾನೆ. ಗುಂಡಗಿದೆಯೇ, ಕಲೆ ಬಿದ್ದಿದೆಯೇ, ಒಡಕು ಇದೆಯೇ ನೋಡುತ್ತಾನೆ. ಬೆಳೆದವನ ನಾಲಿಗೆಗೆ ಅದು ಎಷ್ಟು ಸಿಹಿ ಅನ್ನುವುದು ಲೆಕ್ಕಕ್ಕಿಲ್ಲ. ಉತ್ತರ ಭಾರತದ ಅಂಗಡಿಯಲ್ಲಿ ಅದು ಹೇಗೆ ಕಾಣಬೇಕು ಅನ್ನುವುದರ ಮೇಲೆ ದರ. ಹೆಣ್ಣಿನ ಬಣ್ಣಕ್ಕೂ ಹೀಗೆಯೇ ಯಾರೋ ದರ ಕಟ್ಟಿರಬೇಕಲ್ಲ, ಅವರ ಜಾಡು ಹಿಡಿಯೋಣ ಎಂದು ಅತ್ತೆ ಸೊಸೆ ಹೊರಟೆವು.

ಮೊದಲು ಹೋದದ್ದು ಬೇಲೂರಿಗೆ. ಅರಸೀಕೆರೆ, ಬಾಣಾವರ, ಜಾವಗಲ್ಲು ದಾಟಿ ಹೋಗುವ ದಾರಿಯುದ್ದಕ್ಕೂ ಹೊಯ್ಸಳರ ಗುಡಿಗಳು ಊರೂರಿಗೆ ಎದುರಾಗುತ್ತವೆ. ನಮ್ಮ ತುರುವೇಕೆರೆ, ನಾಗಲಾಪುರ, ಅರಳಗುಪ್ಪೆಗಳಲ್ಲೂ ಅವರ ಉಳಿಯ ಗುರುತುಗಳಿವೆ. ಆದರೆ ಚೆಲುವಿನ ವಿಚಾರಕ್ಕೆ ಬೇಲೂರೇ ಬೇಕು. ಚೋಳರನ್ನು ತಲಕಾಡಿನಲ್ಲಿ ಸೋಲಿಸಿದ ವಿಷ್ಣುವರ್ಧನ 1117ರಲ್ಲಿ ಇಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿಸಿದ. ಗೆದ್ದ ದೊರೆಯ ಗುಡಿ ಇದು. 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಹೊರಗಿನ ಸೂರಿನಡಿ 38, ಒಳಗೆ 4, ಒಟ್ಟು 42 ಮದನಿಕೆಯರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಆ ಮೆತ್ತಗಿನ ಹೊತ್ತಿನಲ್ಲೇ ಬಳೆಯ ಸುತ್ತು, ಮುಂಗುರುಳಿನ ಎಳೆ, ಉಡಿದಾರದ ಮಣಿ ಎಲ್ಲವನ್ನೂ ಬಿಡಿಸಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಕಲ್ಲಿನಡಿ ತಮ್ಮ ಹೆಸರು ಕೊರೆದಿದ್ದಾರೆ. ದರ್ಪಣಸುಂದರಿಯ ಮುಂದೆ ಗುಂಪು ನಿಂತಿತ್ತು. ಗೈಡು ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರು ಹೇಳುತ್ತಿದ್ದ. ನನ್ನ ಸೊಸೆ ಮೆಲ್ಲಗೆ ಹೇಳಿದಳು: "ಇವ್ರೆಲ್ಲ ನನಗಿಂತ ಕಪ್ಪು, ಅತ್ತೆ."

ಕಲ್ಲಿನ ಬಣ್ಣವೇ ಆ ಕಾಲದ ಹೆಣ್ಣಿನ ಬಣ್ಣ ಎಂದು ನಾನು ವಾದ ಹೂಡುವುದಿಲ್ಲ. ಆದರೆ ಚಾವಣನ ಕಣ್ಣಿಗೆ ಚೆಲುವು ಇದ್ದ ಜಾಗ ಬೇರೆ ಅನ್ನುವುದು ಅಲ್ಲಿ ನಿಂತವರಿಗೆ ಕಾಣುತ್ತದೆ. ನಿಲುವಿನ ಬಾಗು, ತುಂಬಿದ ಮೈ, ಬೆರಳಿನ ಓಲಾಟ, ಮೈತುಂಬ ಒಡವೆ, ಇವು ಅಲ್ಲಿಯ ಅಳತೆಗಳು. ಮಹಾಭಾರತದ ದ್ರೌಪದಿ ಕಪ್ಪು ಮೈಯವಳು, ಸ್ವಯಂವರಕ್ಕೆ ದೇಶದೇಶದ ದೊರೆಗಳು ಬಂದದ್ದು ಅವಳಿಗಾಗಿ. ಕೃಷ್ಣ ಕಪ್ಪು, ರಾಮ ಶ್ಯಾಮಲ. ನಮ್ಮ ಕಥೆ ಕಾವ್ಯಗಳು ಕಪ್ಪಿಗೆ ಮುಖ ತಿರುಗಿಸಿದವಲ್ಲ.

ಹಾಗೆಂದು ಬೇಲೂರನ್ನು ಸಮಾನತೆಯ ಊರು ಎನ್ನಲೂ ಆಗದು. ತಲೆಯೆತ್ತಿ ಮದನಿಕೆಯನ್ನು ನೋಡಿ ದಣಿದ ಮೇಲೆ ಅವಳ ಕಾಲಿನ ಬಳಿ ನೋಡಬೇಕು. ಗೇಣುದ್ದದ ಆಳುಗಳು ನಿಂತಿರುತ್ತಾರೆ. ಒಬ್ಬಳು ಪೆಟ್ಟಿಗೆ ಹಿಡಿದಿದ್ದಾಳೆ, ಒಬ್ಬ ಮದ್ದಳೆ ಬಡಿಯುತ್ತಿದ್ದಾನೆ. ಅವರಿಗೂ ಮುಖವಿದೆ, ಆದರೆ ಆ ಮುಖ ನೋಡಲು ಯಾರೂ ಹುಡುಕಿಕೊಂಡು ಬರುವುದಿಲ್ಲ. ಬಿಲ್ಲು ಹಿಡಿದ ಬೇಟೆಗಾರ್ತಿಯೂ ಅಲ್ಲಿದ್ದಾಳೆ, ಅವಳಿಗೂ ಅರಮನೆಯ ಹೆಣ್ಣಿನ ಮೈಯನ್ನೇ ಕೊಟ್ಟಿದ್ದಾರೆ, ಅದೇ ಒಡವೆ, ಅದೇ ನಡು. ಕಾಡಿನ ಹೆಂಗಸು ಚೆಲುವೆಯಾಗಬೇಕಾದರೆ ಅರಮನೆಯವಳ ಹಾಗೆ ಕಾಣಬೇಕಿತ್ತು. ಅದೇ ಕಾಲದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸ ಎಂಬ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಅದರಲ್ಲಿ ಅರಸನಾದವನು ಹೇಗೆ ಮೀಯಬೇಕು, ಯಾವ ಗಂಧ ಪೂಸಬೇಕು, ಏನು ಉಡಬೇಕು, ಏನು ತೊಡಬೇಕು ಎಂಬುದಕ್ಕೆಲ್ಲ ಒಂದೊಂದು ಭಾಗವಿದೆ. ಒಪ್ಪ ಓರಣ ಏನೆಂದು ಬರೆದಿಟ್ಟವನು ದೊರೆ, ಅದನ್ನು ನೋಡಿ ನಡೆದವರು ಸಾಮಂತರು, ಸಾಮಂತರನ್ನು ನೋಡಿ ಊರು.

ಮುಂದಿನ ದಾರಿ ವಿಜಯಪುರದ್ದು, ಅಂದರೆ ಹಳೆಯ ವಿಜಾಪುರದ್ದು. ಅರಸೀಕೆರೆಯಲ್ಲಿ ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಬೆಳಗಾಗುವ ಹೊತ್ತಿಗೆ ಕಿಟಕಿಯಾಚೆ ತೆಂಗು ಮುಗಿದು ಎರೆಭೂಮಿ ಹರಡಿಕೊಂಡಿತ್ತು. ಗೋಲಗುಂಬಜದ ಒಳಗೆ ಕಾಲಿಟ್ಟಾಗ ನಮ್ಮಿಬ್ಬರ ಮಾತು ನಿಂತುಹೋಯಿತು. ಹೊರ ಅಗಲ 44 ಮೀಟರಿನ ಗುಮ್ಮಟ ನಡುವೆ ಒಂದೇ ಒಂದು ಕಂಬದ ಆಸರೆ ಇಲ್ಲದೆ ನಿಂತಿದೆ. ಶಾಲೆಯ ಮಕ್ಕಳು ಮೇಲಿನ ಮೊಗಸಾಲೆಯಲ್ಲಿ ಕೂಗಿದ ಕೂಗು ಗುಮ್ಮಟ ಸುತ್ತಿ ಸುತ್ತಿ ಬರುತ್ತಿತ್ತು. ಕೆಳಗೆ ಮಲಗಿರುವವನು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹ. ನಮ್ಮ ಸೀಮೆಗೂ ಇವನು ಹೊರಗಿನವನಲ್ಲ. 1638ರಲ್ಲಿ ಇವನ ಸೇನಾನಿ ರಣದುಲ್ಲಾ ಖಾನ್ ಶಿರಾ ಗೆದ್ದ. ಬೂದಿಹಾಳ, ಶಿರಾಗಳು ವಿಜಾಪುರದ ಪರಗಣೆಗಳಾದವು. ತೆಂಗಿನ ನಾಡಿನ ಕಂದಾಯ ಈ ಗುಮ್ಮಟ ಏಳುತ್ತಿದ್ದ ಊರಿನ ಕಡೆಗೆ ಹರಿಯಿತು.

ಆ ದರಬಾರಿನ ಒಂದು ಸಂಗತಿಯನ್ನು ನನ್ನ ಸೊಸೆ ಯಾವ ಪಠ್ಯಪುಸ್ತಕದಲ್ಲೂ ಓದಿರಲಿಲ್ಲ. ಆಫ್ರಿಕದ ಇಥಿಯೋಪಿಯ ಕಡೆಯಿಂದ ಗುಲಾಮರಾಗಿ ಮಾರಾಟವಾಗಿ ಬಂದವರನ್ನು ದಖ್ಖನ್ನಿನಲ್ಲಿ ಹಬಶಿಗಳು ಎನ್ನುತ್ತಿದ್ದರು. ಅವರಲ್ಲಿ ಹಲವರು ಕತ್ತಿಯ ಬಲದಿಂದ, ಬುದ್ಧಿಯ ಬಲದಿಂದ ಅಧಿಕಾರಕ್ಕೆ ಏರಿದರು. ಅಹಮದನಗರವನ್ನು ಮೊಘಲರ ಎದುರು ಕಾಪಾಡಿಕೊಂಡು 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಅಂಥವನು. ವಿಜಾಪುರದಲ್ಲಿ ಮಲಿಕ್ ರೈಹಾನ್ ಎಂಬ ಹಬಶಿ ಮೇಲೇರಿ, ಇಖ್ಲಾಸ್ ಖಾನ್ ಎಂಬ ಬಿರುದು ಪಡೆದು, ಇದೇ ಮುಹಮ್ಮದ್ ಆದಿಲ್ ಶಾಹನ ವಜೀರನಾದ. ದರಬಾರಿನ ಚಿತ್ರಕಾರರು ಅವನನ್ನು ಮತ್ತೆ ಮತ್ತೆ ಬರೆದರು. ಆ ಚಿತ್ರಗಳು ಚದುರಿ ದೂರ ದೇಶಗಳ ಮ್ಯೂಸಿಯಮ್ಮುಗಳನ್ನು ಸೇರಿವೆ. "ಕಪ್ಪಗಿದ್ದವನನ್ನ ಹೆಂಗೆ ಬರೆದವ್ರೆ, ನೋಡ್ಬೇಕಲ್ಲ ಅತ್ತೆ," ಎಂದಳು. ನೋಡುವ ಯೋಗ ನನಗೆ ಬೇರೆ ಕಾರಣಕ್ಕೆ ಒದಗಿ ಬಂತು.

ಅದಕ್ಕೆ ಮುಂಚೆ ಘಟ್ಟದ ಕಡೆ ಯಲ್ಲಾಪುರಕ್ಕೆ ಹೋದೆವು. ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡಿನ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಇವರ ಹಿರಿಯರೂ ಆಫ್ರಿಕದಿಂದ ಬಂದವರು. ಬಹಳಷ್ಟು ಮಂದಿಯನ್ನು ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದರು, ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟ ಹತ್ತಿ ಕಾಡು ಸೇರಿದರು. ಕೊಂಕಣಿ, ಕನ್ನಡ ಆಡುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಉಂಟು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ನಾವು ಹೋದ ಮನೆಯಲ್ಲಿ ಹಿರಿಯಮ್ಮ ಒಬ್ಬರು ಜಗಲಿಯ ಮೇಲೆ ಕೌದಿ ಹೊಲಿಯುತ್ತಿದ್ದರು. ಹಳೇ ಸೀರೆ, ಶಾಲೆಯ ಯೂನಿಫಾರ್ಮು, ಲಂಗದ ತುಂಡು, ಎಲ್ಲವನ್ನೂ ಅಂಚಿನಿಂದ ಶುರು ಮಾಡಿ ನಡುವಿನ ಕಡೆಗೆ ಜೋಡಿಸುತ್ತ, ಮೇಲೆ ಸಣ್ಣ ಸಣ್ಣ ಓಟದ ಹೊಲಿಗೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ಬಟ್ಟೆಯ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಬರಿಮೈಯ ಕೌದಿ, ಅದನ್ನು ಯಾರಿಗೂ ಕೊಡಬಾರದು. ಯಾವ ಬಣ್ಣದ ಪಕ್ಕ ಯಾವ ಬಣ್ಣ ಅನ್ನುವುದಕ್ಕೆ ಆಕೆ ಯಾರನ್ನೂ ಕೇಳುವುದಿಲ್ಲ. ಅಚ್ಚ ಹಳದಿಯ ಮಗ್ಗುಲಲ್ಲಿ ಕಡುಗೆಂಪನ್ನು ಇಟ್ಟು, ಅಂಗೈಯಲ್ಲಿ ತೀಡಿ, "ಚಂದ ಆತಲ್ಲ?" ಎಂದರು. ಆ ಜಗಲಿಯ ಮೇಲೆ ಚೆಂದದ ತೀರ್ಪು ಅವರದೇ.

ಕಾಲೇಜು ಓದುವ ಮೊಮ್ಮಗಳ ಪಾಡು ಬೇರೆ. ಗುಂಗುರು ಕೂದಲನ್ನು ಪೇಟೆಯ ಪಾರ್ಲರಿನಲ್ಲಿ ನೆಟ್ಟಗೆ ಮಾಡಿಸಿಕೊಂಡಿದ್ದಳು. ಉದ್ದ ಜಡೆ, ನೇರ ಕೂದಲು, ಕೊಬ್ಬರಿ ಎಣ್ಣೆಯ ಮಿಂಚು, ಟೀವಿಯಲ್ಲಿ ಕಾಣುವ ಹುಡುಗಿಯರೆಲ್ಲ ಹಾಗೇ ಇರುತ್ತಾರೆ. "ಬಸ್ಸಲ್ಲಿ ಎಲ್ರೂ ಯಾವ ದೇಶ ಅಂತ ಕೇಳ್ತಾರೆ. ಯಲ್ಲಾಪುರ ಅಂದ್ರೆ ನಗ್ತಾರೆ," ಎಂದಳು. ಇದೇ ಮೈಕಟ್ಟನ್ನು ಸರ್ಕಾರ ಒಮ್ಮೆ ಹುಡುಕಿಕೊಂಡು ಬಂದಿತ್ತು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಒಲಿಂಪಿಕ್ ಪದಕದ ಆಸೆಯಿಂದ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು, ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಓಟಕ್ಕೆ ಬೇಕಾದ ಮೈ ಮದುವೆಗೆ, ಬಸ್ಸಿನ ಸೀಟಿಗೆ, ಸಿನಿಮಾ ಪರದೆಗೆ ಬೇಡವಾಯಿತು. ವಿಜಾಪುರದ ಹಬಶಿ ವಜೀರನಿಗೂ ಈ ಹುಡುಗಿಗೂ ಮೈಬಣ್ಣ ಒಂದೇ. ಅವನ ಕೈಯಲ್ಲಿ ಮುದ್ರೆಯುಂಗುರ ಇತ್ತು, ಇವಳ ಕೈಯಲ್ಲಿ ಇಲ್ಲ.

2024ರಲ್ಲಿ ಮಗಳ ಬಾಣಂತನಕ್ಕೆ ಅಮೆರಿಕದ ನ್ಯೂಜೆರ್ಸಿಗೆ ಹೋದೆ. ಮಗಳು ಬಸುರಿಯಾದಾಗಿನಿಂದ ಊರಿನಿಂದ ಕೇಸರಿ ದಳ ಕಳಿಸಿದ್ದೇ ಕಳಿಸಿದ್ದು, ಹಾಲಿಗೆ ಹಾಕಿ ಕುಡಿದರೆ ಮಗು ಕೆಂಪಗೆ ಹುಟ್ಟುತ್ತದಂತೆ. ಮೊಮ್ಮಗಳು ಹುಟ್ಟಿದ ಸುದ್ದಿಗೆ ವಿಡಿಯೊ ಕಾಲಿನಲ್ಲಿ ಹೊನ್ನವಳ್ಳಿ, ತುರುವೇಕೆರೆ ಎರಡೂ ಕಡೆಯ ಮುಖಗಳು ತುಂಬಿಕೊಂಡವು. ಬಾಣಂತಿ ಹೇಗಿದ್ದಾಳೆ ಅನ್ನುವುದಕ್ಕಿಂತ ಮೊದಲು ಬಂದ ಮಾತು, "ಮಗು ಬಣ್ಣ ಹೆಂಗೈತೆ?" ಹುಟ್ಟಿ ಒಂದು ದಿನವೂ ತುಂಬದ ಕೂಸನ್ನು ಸಾವಿರಾರು ಮೈಲಿ ಆಚೆಯಿಂದ ಅಳೆಯುತ್ತಿದ್ದರು. ಅಳೆಯುತ್ತಿದ್ದವರೆಲ್ಲ ಅದನ್ನು ಮುದ್ದಿಸಲು ಕಾತರಿಸುತ್ತಿದ್ದವರೇ. ನನಗೆ ಎದೆ ಹಿಂಡಿದಂತಾಯಿತು.

ಮಗಳು ಚೇತರಿಸಿಕೊಂಡ ಮೇಲೆ ಅಳಿಯ ನನ್ನನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಹವರ್ಡ್ ಹಾಜ್‌ಕಿನ್ ಎಂಬ ಇಂಗ್ಲಿಷ್ ಚಿತ್ರಕಾರ ಜೀವಮಾನವೆಲ್ಲ ಕೂಡಿಟ್ಟ ಭಾರತದ ದರಬಾರು ಚಿತ್ರಗಳ ಪ್ರದರ್ಶನ ಆಗ ಅಲ್ಲಿ ನಡೆದಿತ್ತು. ವಿಜಾಪುರದಲ್ಲಿ ಹೆಸರು ಮಾತ್ರ ಕೇಳಿದ್ದವನು ಇಲ್ಲಿ ಎದುರಿಗೇ ಬಂದ. 1645ರ ಸುಮಾರಿಗೆ ಹೈದರ್ ಅಲಿ, ಇಬ್ರಾಹಿಂ ಖಾನ್ ಎಂಬಿಬ್ಬರು ಕೂಡಿ ಬರೆದ ಚಿತ್ರ ಅದು. ಆನೆಯ ಮೇಲೆ ಮುಂದೆ ಸುಲ್ತಾನ ಮುಹಮ್ಮದ್ ಆದಿಲ್ ಶಾಹ, ಹಿಂದೆ ಇಖ್ಲಾಸ್ ಖಾನ್.

ಆ ಮುಖದ ಮುಂದೆ ಬಹಳ ಹೊತ್ತು ನಿಂತೆ. ಕಡುಗಪ್ಪು ಮುಖ, ಪಕ್ಕದಿಂದ ಕಾಣುವಂತೆ ಬರೆದದ್ದು. ಕುಂಚ ಎಲ್ಲಿಯೂ ಬಣ್ಣವನ್ನು ತಿಳಿ ಮಾಡಿಲ್ಲ, ಮೂಗು ತುಟಿಗಳನ್ನು ತಿದ್ದಿಲ್ಲ, ಗೇಲಿಯೂ ಮಾಡಿಲ್ಲ. ಸುಲ್ತಾನನ ಮುಖಕ್ಕೆ ಕೊಟ್ಟ ಶ್ರದ್ಧೆಯನ್ನೇ ಈ ಮುಖಕ್ಕೂ ಕೊಟ್ಟಿದೆ. ಚಿತ್ರಕಾರನ ಸಂಬಳ, ಬಿರುದು, ಬಾಳು ಈ ವಜೀರನ ಹುಬ್ಬಿನ ಚಲನೆಯ ಮೇಲೆ ನಿಂತಿದ್ದ ದಿನಗಳವು. ಅಧಿಕಾರ ಕಪ್ಪು ಕೈಯಲ್ಲಿದ್ದಾಗ ಕಪ್ಪು ಮುಖ ಗಂಭೀರವಾಗಿ, ಚೆಲುವಾಗಿ ಕಂಡಿತು. ನನ್ನ ಸೊಸೆಯ ಪ್ರಶ್ನೆಗೆ ಅರ್ಧ ಉತ್ತರ ಅಂಗೈ ಎರಡರಷ್ಟು ಅಗಲದ ಆ ಕಾಗದದ ಮೇಲಿತ್ತು. ಫೋನು ಮಾಡಿ ಹೇಳಿದೆ. ನಡುರಾತ್ರಿಯ ಡ್ಯೂಟಿಯಲ್ಲಿದ್ದವಳು, "ಹಂಗಾದ್ರೆ ಕಣ್ಣು ತಾನಾಗೇ ನೋಡಲ್ಲ, ಕಣ್ಣಿಗೆ ಯಾರೋ ಹೇಳ್ಕೊಡ್ತಾರೆ," ಎಂದಳು.

ಆ ಮ್ಯೂಸಿಯಮ್ಮಿನಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಹಾರ್ಲೆಮ್, ಕಪ್ಪು ಜನರ ಹಳೆಯ ಬಡಾವಣೆ. ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ 1946ರಲ್ಲಿ ಅಲ್ಲಿ ಮಕ್ಕಳಿಗಾಗಿ ಒಂದು ಕೇಂದ್ರ ತೆರೆದರು. ಅವರು ಕಪ್ಪು ಮಕ್ಕಳ ಮುಂದೆ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ಒಂದೇ ಥರದ ಗೊಂಬೆಗಳನ್ನು ಇಟ್ಟು, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಕೇಳುತ್ತಿದ್ದರು. ಹೆಚ್ಚಿನ ಮಕ್ಕಳು ಒಳ್ಳೆಯದು ಎಂದು ಬಿಳಿ ಗೊಂಬೆಯನ್ನೇ ತೋರಿಸಿದರು. ಬಿಳಿಯರಿಗೊಂದು, ಕರಿಯರಿಗೊಂದು ಶಾಲೆ ಕೂಡದು ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ತೀರ್ಪಿನ ಹಿಂದೆ ಈ ಗೊಂಬೆಗಳ ಸಾಕ್ಷ್ಯವೂ ಇತ್ತು. 2019ರಲ್ಲಿ ನ್ಯೂಯಾರ್ಕ್ ರಾಜ್ಯ ಇನ್ನೊಂದು ಕಾನೂನು ಮಾಡಿತು. ಗುಂಗುರು ಕೂದಲನ್ನು ಹುಟ್ಟಿದ ಹಾಗೆಯೇ ಬಿಟ್ಟುಕೊಂಡಿದ್ದಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ಯಾರನ್ನೂ ಕಡೆಗಣಿಸುವಂತಿಲ್ಲ. ಯಲ್ಲಾಪುರದ ಹುಡುಗಿ ನೆನಪಾದಳು. ಕೂದಲಿಗೆ ಕಾನೂನಿನ ಕಾವಲು ಬೇಕಾಗುವಷ್ಟು ನಾವು ದೂರ ಬಂದಿದ್ದೇವೆ ಎಂದು ಬೇಸರವಾದರೂ, ಕಾನೂನು ಬಂತಲ್ಲ ಎಂದು ಸಮಾಧಾನವೂ ಆಯಿತು.

ಊರಿಗೆ ಮರಳಿದ ಮೇಲೆ ಉಳಿದರ್ಧ ಉತ್ತರಕ್ಕಾಗಿ ಸೊಸೆಯ ಜೊತೆ ಮೈಸೂರಿಗೆ ಹೋದೆ. ಅರಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಫೋನಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿದಳು. 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಬರೆದದ್ದು. ಮೂವರು ಸಿಂಗಾರಗೊಂಡ ಹೆಂಗಸರು. ನಾಟ್ಯದವರಿರಬೇಕು ಎಂದೇ ಬಹುಕಾಲ ಎಣಿಸಿದ್ದರು. ಇದು 2007ರಲ್ಲಿ ಸದಬೀಸ್ ಹರಾಜಿಗೆ ಬಂತು. ಇವರು ಮೈಸೂರು ಅರಮನೆಯ ರಾಣಿಯರು, ಚಿತ್ರ ಬರೆಸಿದ್ದು ಸಿಡುಬಿನ ಲಸಿಕೆಯ ಪ್ರಚಾರಕ್ಕೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದರು. ಅವರ ಪ್ರಕಾರ ಬಲಗಡೆಯ ಎಳೆಯ ರಾಣಿ ಮುಮ್ಮಡಿ ಕೃಷ್ಣರಾಜ ಒಡೆಯರ ಮಡದಿ ದೇವಾಜಮ್ಮಣ್ಣಿ. ಸೆರಗು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆಯವಳ ಮೂಗಿನಡಿ, ಬಾಯಿಯ ಸುತ್ತ ಮಾಸಿದ ಬಣ್ಣ. ಹಳೆಯ ಪದ್ಧತಿಯಲ್ಲಿ ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದರು, ಅದರ ಗುರುತು.

ನರ್ಸಮ್ಮ ಚಿತ್ರವನ್ನು ದೊಡ್ಡದು ಮಾಡಿ ತೋಳು, ತುಟಿ, ಚರ್ಮವನ್ನು ಕೆಲಸದ ಕಣ್ಣಿನಿಂದ ನೋಡಿದಳು. "ಕಲೆ ಇಲ್ದಿರೋ ಚರ್ಮನೇ ಜಾಹೀರಾತು, ಅಲ್ವಾ ಅತ್ತೆ?" 1799ರಲ್ಲಿ ಟೀಪು ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯೇ ಗದ್ದಿಗೆಗೆ ಕೂರಿಸಿದ ಮನೆತನ. ಕಂಪನಿ ತಂದ ಲಸಿಕೆ. ನುಣುಪಾದ ಕೆನ್ನೆ ಎಂಬ ಚೆಲುವಿನ ಅಳತೆಯೂ ಅಧಿಕಾರದ ಕೈಯಿಂದಲೇ ಬಂತು. ಆದರೆ ಈ ಸಾರಿ ಅದು ಲಕ್ಷಾಂತರ ಜೀವ ಉಳಿಸುವ ಕೆಲಸದ ಜೊತೆ ಬಂತು. ಅಧಿಕಾರ ಮುಟ್ಟಿದ್ದೆಲ್ಲ ಕೆಟ್ಟದ್ದೇ ಎಂದು ನಾನು ಹೇಳಲಾರೆ.

ಜಗನ್ಮೋಹನ ಅರಮನೆಯಲ್ಲಿ ರಾಜಾ ರವಿವರ್ಮನ ಚಿತ್ರಗಳ ಮುಂದೆ ನಿಂತಾಗ ನಮ್ಮ ಮನೆಯ ಗೋಡೆಯೇ ಎದುರಾದಂತೆ ಆಯಿತು. ಯುರೋಪಿನ ತೈಲವರ್ಣದ ಕೈಚಳಕ ಕಲಿತ ರವಿವರ್ಮನಿಗೆ ಮೈಸೂರಿನ ಒಡೆಯರೂ ಆಶ್ರಯ ಕೊಟ್ಟರು. 1894ರಲ್ಲಿ ಮುಂಬಯಿಯಲ್ಲಿ ಅವನು ಅಚ್ಚುಕೂಟ ಹೂಡಿದ. ಕಮಲದ ಮೇಲಿನ ಲಕ್ಷ್ಮಿ, ವೀಣೆಯ ಸರಸ್ವತಿ ಕಡಿಮೆ ಬೆಲೆಗೆ ಅಚ್ಚಾಗಿ ಹಟ್ಟಿ ಹಟ್ಟಿಗೆ ಬಂದರು. ಗುಡಿಯ ಒಳಗೆ ಬಿಡಲೊಲ್ಲದವರ ಮನೆಗೂ ದೇವರು ನಡೆದು ಬಂದದ್ದು ದೊಡ್ಡ ಉಪಕಾರ. ಜೊತೆಗೇ ದೇವಿಯ ಮುಖಕ್ಕೆ ತಿಳಿ ಗುಲಾಬಿ ಬಣ್ಣವೂ ಬಂತು. ಅಂಥ ಒಂದು ಪಟಕ್ಕೆ ನಮ್ಮಜ್ಜಿ ದಿನವೂ ಕುಂಕುಮ ಇಡುತ್ತಿದ್ದರು. ನಮ್ಮಜ್ಜಿಯ ಬಣ್ಣ ಸುಟ್ಟ ಇಟ್ಟಿಗೆಯದು.

ಅದೇ ಕಾಲಕ್ಕೆ ಬ್ರಿಟಿಷ್ ಅಧಿಕಾರಿಗಳು ಕೈವಾರ ಹಿಡಿದು ಜನರ ಮೂಗು ಅಳೆಯುತ್ತಿದ್ದರು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ, ಮೂಗು ಅಗಲವಾದಷ್ಟೂ ಜಾತಿಯ ಸ್ಥಾನ ಕೆಳಗೆ ಎಂಬ ಸಿದ್ಧಾಂತವನ್ನೇ ಕಟ್ಟಿದ. ಮದರಾಸಿನ ಮ್ಯೂಸಿಯಮ್ಮಿನಲ್ಲಿ ಎಡ್ಗರ್ ಥರ್ಸ್ಟನ್ ಬಂದವರ ತಲೆ, ಮೂಗುಗಳನ್ನು ಅಳೆದು ಪಟ್ಟಿ ಮಾಡಿದ. ವಿಜ್ಞಾನದ ಹೆಸರು ಸಿಕ್ಕಿದ್ದರಿಂದ ಹಳೆಯ ತಾತ್ಸಾರಕ್ಕೆ ಹೊಸ ಜೋರು ಬಂತು. ಹಳೆಯ ತಾತ್ಸಾರ ಎನ್ನಲೇಬೇಕು. ಬಿಳಿಯರ ಹಡಗು ಬರುವುದಕ್ಕೆ ಮುಂಚೆಯೂ ನಮ್ಮಲ್ಲಿ ನೆರಳಿನಲ್ಲಿ ಕೂತು ಉಣ್ಣುವವರು ಇದ್ದರು, ಬಿಸಿಲಿನಲ್ಲಿ ದುಡಿಯುವವರು ಇದ್ದರು. ಹೊಲ ಯಾರದು, ಕೂಲಿ ಯಾರದು ಎಂಬುದು ಚರ್ಮದ ಮೇಲೆ ಬರೆದುಕೊಂಡಿರುತ್ತಿತ್ತು. ನಮ್ಮ ಸೀಮೆಯಲ್ಲಿ ಇವತ್ತಿಗೂ ಕಾಯಿ ಹೊರುವ, ಸುಲಿದದ್ದನ್ನು ಆಯುವ ಹೆಂಗಸಿಗೆ ನೆರಳು ಸಿಗುವುದು ಊಟದ ಹೊತ್ತಿಗೆ ಮಾತ್ರ. ಬಣ್ಣ ಕಮ್ಮಿ ಎನ್ನುವ ಮಾತಿನ ಬುಡದಲ್ಲಿ ದುಡಿಮೆ ಕಂಡರೆ ಹೇಸುವ ಗುಣ ಕೂತಿದೆ. ಬೆವರಿಗೆ ಮರ್ಯಾದೆ ಕೊಡದ ಕಣ್ಣು ಕಪ್ಪಿಗೂ ಕೊಡುವುದಿಲ್ಲ.

ಕೊನೆಯ ನಿಲ್ದಾಣ ಬೆಂಗಳೂರು. 1975ರಲ್ಲಿ ಹಿಂದುಸ್ತಾನ್ ಲೀವರ್ ಕಂಪನಿ ಫೇರ್ ಅಂಡ್ ಲವ್ಲಿ ತಂದಿತು. ದೊರೆ, ಸುಲ್ತಾನ, ಗೋರಾ ಸಾಹೇಬ ಎಲ್ಲ ಹೋದ ಮೇಲೆ ಮಾರುಕಟ್ಟೆ ಬಂದು ಗದ್ದಿಗೆಯ ಮೇಲೆ ಕೂತಿತು. ಕಪ್ಪು ಹುಡುಗಿಗೆ ಕೆಲಸ ಸಿಗುವುದಿಲ್ಲ, ಗಂಡು ಸಿಗುವುದಿಲ್ಲ, ಟ್ಯೂಬು ಹಚ್ಚಿದರೆ ಎರಡೂ ಸಿಗುತ್ತವೆ ಎಂದು ಜಾಹೀರಾತು ಮನೆಮನೆಗೆ ಸಾರಿತು. ಹೊನ್ನವಳ್ಳಿಯ ಕಿರಾಣಿ ಅಂಗಡಿಯಲ್ಲಿ ಅದರ ಸಣ್ಣ ಪೌಚುಗಳು ಶಾಂಪೂ ಸರದ ಪಕ್ಕದಲ್ಲಿ ತೂಗುತ್ತಿದ್ದವು. 1991ರಲ್ಲಿ ದೇಶದ ಮಾರುಕಟ್ಟೆ ತೆರೆಯಿತು. 1994ರಲ್ಲಿ ಸುಷ್ಮಿತಾ ಸೇನ್ ಭುವನ ಸುಂದರಿ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯ ರೈ ವಿಶ್ವ ಸುಂದರಿ. ಎರಡು ವರ್ಷಕ್ಕೆ, 1996ರ ನವೆಂಬರ್ 23ರಂದು, ವಿಶ್ವ ಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂತು.

ಆ ದಿನಗಳ ಗದ್ದಲ ನಮ್ಮ ವಯಸ್ಸಿನವರಿಗೆಲ್ಲ ನೆನಪಿದೆ. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ವಿರೋಧಿಸಿತು, ಮಹಿಳಾ ಸಂಘಟನೆಗಳು ಬೀದಿಗಿಳಿದವು, ಸಂಸ್ಕೃತಿಯ ಹೆಸರಿನಲ್ಲಿ ಬೇರೆಯವರೂ ಕೂಗಿದರು. ಮಧುರೆಯಲ್ಲಿ ಒಬ್ಬ ಯುವಕ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಪೊಲೀಸರ ಕೋಟೆಯ ನಡುವೆ ಗ್ರೀಸಿನ ಐರಿನ್ ಸ್ಕ್ಲಿವಾ ಕಿರೀಟ ತೊಟ್ಟಳು. ವಿರೋಧಿಸಿದವರ ಮಾತಿನಲ್ಲಿ ನಿಜ ಇತ್ತು. ಹೆಣ್ಣಿನ ಸೊಂಟಕ್ಕೆ ಇಂಚು ಟೇಪು ಹಿಡಿದು ಬಂದದ್ದು ವ್ಯಾಪಾರ. ಆದರೆ ಅವತ್ತು ಕೂಗಿದವರ ಊರುಗಳಲ್ಲೇ ಹೆಣ್ಣು ನೋಡುವ ಶಾಸ್ತ್ರ ಎಂದಿನಂತೆ ನಡೆದಿತ್ತು. ಕ್ರೀಡಾಂಗಣದ ಸ್ಪರ್ಧೆಯನ್ನು ತಡೆಯಲು ಸಾವಿರಾರು ಜನ ಬಂದರು. ನಡುಮನೆಯ ಸ್ಪರ್ಧೆಯನ್ನು ತಡೆಯಲು ಯಾರೂ ಬರಲಿಲ್ಲ.

2020ರಲ್ಲಿ ಅಮೆರಿಕದಲ್ಲಿ ಕಪ್ಪು ಜನರ ಪರವಾಗಿ ದೊಡ್ಡ ಹೋರಾಟ ಎದ್ದಿತು. ಆ ವರ್ಷವೇ ಫೇರ್ ಅಂಡ್ ಲವ್ಲಿಯ ಕಂಪನಿ ಕ್ರೀಮಿನ ಹೆಸರಿನಿಂದ ಫೇರ್ ಎನ್ನುವುದನ್ನು ಕಿತ್ತುಹಾಕಿ ಗ್ಲೋ ಎಂದು ಸೇರಿಸಿತು. ಅಲ್ಲಿಯ ಬೀದಿಯಲ್ಲಿ ಕೂಗು ಎದ್ದರೆ ಹೊನ್ನವಳ್ಳಿಯ ಅಂಗಡಿಯ ಪೌಚಿನ ಮೇಲಿನ ಅಕ್ಷರ ಬದಲಾಗುತ್ತದೆ. ಅಳತೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಇಷ್ಟು ತಿರುಗಿದ ಮೇಲೆ ಸೊಸೆಗೆ ನಾನು ಕೊಟ್ಟ ಉತ್ತರ ಇದು. ಬಿಳುಪೇ ಚೆಂದ ಎಂದು ಒಬ್ಬರು, ಒಂದು ದಿನ ಶುರು ಮಾಡಿದ್ದಲ್ಲ. ಅಧಿಕಾರ ಯಾರ ಮನೆಯಲ್ಲಿ ಇತ್ತೋ ಚೆಲುವಿನ ಅಳತೆಗೋಲು ಅವರ ಮನೆಯಲ್ಲಿತ್ತು. ಮನೆ ಬದಲಾದಾಗೆಲ್ಲ ಅಳತೆಯೂ ಬದಲಾಯಿತು. ಬದಲಾದದ್ದನ್ನು ಕಣ್ಣಾರೆ ಕಂಡ ಮೇಲೆ ಇದು ಹುಟ್ಟಿನ ನಿಯಮ, ದೈವದ ಬರಹ ಎಂದು ತಲೆಬಾಗುವ ಅಗತ್ಯವಿಲ್ಲ. ಅವಳು ಎಲ್ಲ ಕೇಳಿಸಿಕೊಂಡು ಹೇಳಿದಳು: "ಅಧಿಕಾರ ಅಂದ್ರೆ ರಾಜ, ಕಂಪನಿ ಅಷ್ಟೇನಾ ಅತ್ತೆ? ನನ್ನ ಬಣ್ಣ ಕಮ್ಮಿ ಅಂತ ಹೇಳಿದ್ದು ಅವರ್ಯಾರೂ ಅಲ್ಲ. ಹುಡುಗನ ದೊಡ್ಡಮ್ಮ."

ಅವಳ ಮಾತು ದಿಟ. ಅಳತೆಗೋಲು ಎಲ್ಲಿಯೋ ತಯಾರಾಗಿರಬಹುದು, ಅದನ್ನು ಹಿಡಿದು ನಡುಮನೆಯ ಕುರ್ಚಿಯ ಮೇಲೆ ಕೂರುವವರು ನಾವು, ಅತ್ತೆಯರು, ದೊಡ್ಡಮ್ಮಂದಿರು, ಚಿಕ್ಕಮ್ಮಂದಿರು. ಆ ಒಂದು ಗಂಟೆಯ ಮಟ್ಟಿಗೆ ದೊರೆತನ ನಮ್ಮದೇ. ನಮ್ಮ ಕಡೆ ನಡೆಯುವ ವಧೂವರರ ಸಮಾವೇಶಗಳ ಅರ್ಜಿಯಲ್ಲಿ ವಯಸ್ಸು, ಓದು, ಎತ್ತರದ ಜೊತೆ ಮೈಬಣ್ಣ ಎಂಬ ಕಾಲಂ ಒಂದಿರುತ್ತದೆ. ಕೆಂಪು, ಗೋಧಿ ಬಣ್ಣ, ಎಣ್ಣೆಗೆಂಪು ಎಂದು ತುಂಬುತ್ತಾರೆ, ಕಪ್ಪು ಎಂದು ಯಾರೂ ಬರೆಯುವುದಿಲ್ಲ. ಆ ಕಾಲಂ ತೆಗೆದುಹಾಕಿ ಎಂದು ಸಮಾವೇಶ ನಡೆಸುವವರನ್ನು ಕೇಳುತ್ತಿದ್ದೇನೆ. ನನ್ನ ವಾರಿಗೆಯ ಹೆಂಗಸರನ್ನೂ ಕೇಳುತ್ತಿದ್ದೇನೆ: ಹೆಣ್ಣು ನೋಡಲು ಹೋದಾಗ ಏನು ಓದಿದೆಯವ್ವ, ಏನು ಕೆಲಸ ಮಾಡ್ತೀಯ, ಈ ಹುಡುಗ ನಿನಗೆ ಒಪ್ಪಿಗೆಯಾ ಎಂದು ಕೇಳಿ. ಬಣ್ಣದ ಮಾತು ಬೇರೆ ಯಾರಾದರೂ ಎತ್ತಿದರೆ ಅಲ್ಲೇ, ಆ ಹುಡುಗಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಅದು ನಮಗೆ ಬೇಡದ ಮಾತು ಎಂದು ಹೇಳಿ. ಇದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ, ಬರುವ ಲಗ್ನದ ತಿಂಗಳಿನಿಂದಲೇ ಶುರು ಮಾಡಬಹುದು.